ಕಂಪ್ಲಿ ಬಸ್ಸಿನ ತಂಡ

ನಮ್ಮ ಪ್ರಿನ್ಸಿಪಾಲರು ಮೈದಾನಕ್ಕೆ ನಡೆದು ಬರುವವರಲ್ಲ, ಚೇಂಬರಿಗೆ ಕರೆಸಿಕೊಳ್ಳುವವರು. ಅಂಥವರು ಆ ದಿನ ಹೊಸಪೇಟೆಯ ಬಿಸಿಲಲ್ಲಿ ಛತ್ರಿ ಹಿಡಿದುಕೊಂಡು ನಾನಿದ್ದಲ್ಲಿಗೇ ಬಂದಾಗ, ಏನೋ ಎಡವಟ್ಟಾಗಿದೆ ಅಂದುಕೊಂಡೆ. ನಾನು ಖೋ-ಖೋ ಅಂಕಣಕ್ಕೆ ಸುಣ್ಣದ ಪುಡಿ ಹಾಕುತ್ತಿದ್ದೆ. ಮೊಣಕೈವರೆಗೂ ಬಿಳಿ.

“ಮೇಡಂ, ಕೈ ತೊಳಕೊಂಡು ಬರ್ರಿ. ಒಂದು ಮಾತೈತಿ.”

“ಇಲ್ಲೇ ಹೇಳ್ರಿ ಸರ್. ಗಾಳಿ ಏಳೋದ್ರೊಳಗ ಇಷ್ಟು ಗೆರಿ ಮುಗಿಸಿಬಿಡ್ತೀನಿ.”

ಅವರು ಸುಣ್ಣ ತುಳಿಯದಂತೆ ಸುತ್ತು ಹಾಕಿ ಬಂದು ನಿಂತು ಹೇಳಿದ್ದು ಇಷ್ಟು. ಈ ಸಲ ಪ್ರವೇಶ ಕಡಿಮೆಯಾಗಿದೆ. ವಿದ್ಯಾರ್ಥಿಗಳು ಕಟ್ಟುವ ಕ್ರೀಡಾ ಶುಲ್ಕವೂ ಅದರ ಜೊತೆಗೇ ಇಳಿದಿದೆ. ಆರು ತಂಡಗಳನ್ನು ವಿಶ್ವವಿದ್ಯಾಲಯದ ಪಂದ್ಯಗಳಿಗೆ ಕಳಿಸುವಷ್ಟು ಶಕ್ತಿ ಕಾಲೇಜಿಗಿಲ್ಲ. ನಾಲ್ಕು ಉಳಿಯಬೇಕು, ಎರಡು ಹೋಗಬೇಕು.

“ಯಾವ ಎರಡು ಅನ್ನೋದು ನಿಮಗ ಬಿಟ್ಟಿದ್ದು,” ಅಂದರು.

“ಅಂದ್ರ ಹುಡುಗರ ಬೈಗುಳಾನೂ ನನಗ ಬಿಟ್ಟಿದ್ದು ಅಂದಂಗಾತು ಸರ್.”

“ಪಿ.ಡಿ. ಅಂದಮ್ಯಾಲ ಅದೂ ಇರ್ತೈತಿ ಬಿಡ್ರಿ,” ಎಂದು ನಕ್ಕು, ಬಂದ ದಾರಿಯಲ್ಲೇ ಸುತ್ತು ಹಾಕಿ ಹೋದರು.

ಪಿ.ಡಿ. ಎಂದರೆ ದೈಹಿಕ ಶಿಕ್ಷಣ ನಿರ್ದೇಶಕಿ. ಹೆಸರು ದೊಡ್ಡದು, ಕೆಲಸ ಅಂದರೆ ಸುಣ್ಣ ಹಾಕೋದು, ಚೆಂಡಿಗೆ ಗಾಳಿ ತುಂಬೋದು, ಉಳುಕಿದ ಕಾಲಿಗೆ ಐಸ್ ಹಿಡಿಯೋದು, ಹುಡುಗಿಯರ ಮನೆಯವರಿಗೆ ಫೋನು ಮಾಡೋದು. ತಂಡ ಕಟ್ಟುವುದು ಗೊತ್ತಿತ್ತು. ತಂಡ ಒಡೆಯುವುದು ಹೇಗೆಂದು ಯಾರೂ ಕಲಿಸಿರಲಿಲ್ಲ.

ಆದರೂ ನ್ಯಾಯವಾಗಿ ಮಾಡಬೇಕು ಎಂದು ಕುಳಿತೆ. ಹುಡುಗರ ಕ್ರಿಕೆಟ್, ಕಬಡ್ಡಿ, ವಾಲಿಬಾಲ್. ಹುಡುಗಿಯರ ಕಬಡ್ಡಿ, ಖೋ-ಖೋ. ಇಬ್ಬರಿಗೂ ಸೇರಿದ ಅಥ್ಲೆಟಿಕ್ಸ್. ಪ್ರತಿ ತಂಡಕ್ಕೂ ಅವೇ ಪ್ರಶ್ನೆಗಳನ್ನು ಕೇಳಿಕೊಂಡೆ. ಹಿಂದಿನ ವರ್ಷಗಳಲ್ಲಿ ಎಷ್ಟು ದೂರ ಹೋಗಿತ್ತು? ಅಭ್ಯಾಸಕ್ಕೆ ದಿನಾ ಎಷ್ಟು ಜನ ಬರುತ್ತಾರೆ? ಮುಂದಿನ ವರ್ಷ ಯಾರು ಉಳಿಯುತ್ತಾರೆ? ಖರ್ಚು ಹೆಚ್ಚೋ ಕಡಿಮೆಯೋ? ಹೀಗೆ ಅಂಕ ಕೊಡುತ್ತಾ ಹೋದರೆ ಉತ್ತರ ತಾನೇ ಬರುತ್ತದೆ ಅನ್ನೋ ಧೈರ್ಯ ನನಗೆ.

ವಾಲಿಬಾಲ್ ಸುಲಭವಾಗಿ ಬಿತ್ತು. ಆ ಹುಡುಗರೆಲ್ಲ ಕೊನೆಯ ವರ್ಷದವರು. ಅರ್ಧ ಜನ ಆಗಲೇ ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಹಿಡಿದು, ಶಿಫ್ಟು ಮುಗಿಸಿ ಪಾಠಕ್ಕೆ ಬಂದು ಆಕಳಿಸುತ್ತಿದ್ದರು. “ನಮ್ಮದ ತಗೀರಿ ಮೇಡಂ, ನೆಟ್ಟಿನ ಮುಂದ ನಿಂತರೂ ನಿದ್ದಿ ಬರ್ತೈತಿ,” ಎಂದು ಅವರೇ ನಗುತ್ತಾ ಒಪ್ಪಿಕೊಂಡರು.

ಎರಡನೆಯದು ಹುಡುಗಿಯರ ಖೋ-ಖೋ. ಹೋದ ವರ್ಷ ಮೊದಲ ಸುತ್ತಿನಲ್ಲೇ ಸೋತಿದ್ದರು, ಅದರ ಹಿಂದಿನ ವರ್ಷವೂ ಅಷ್ಟೇ. ಕಬಡ್ಡಿ ಹುಡುಗಿಯರಾದರೆ ವಲಯದ ಫೈನಲ್ ತನಕ ಹೋಗಿದ್ದವರು. ಅವರಲ್ಲೊಬ್ಬ ರೇಡರ್ ಇದ್ದಳು, ಎದುರಾಳಿ ಕೋರ್ಟಿಗೆ ಹೊಕ್ಕರೆ ಬೆಕ್ಕು ಹಾಲಿನ ಪಾತ್ರೆಗೆ ಬಾಯಿ ಹಾಕಿ ಬಂದಂತೆ ಬರುವವಳು. ಸದ್ದಿಲ್ಲ, ಸಿಕ್ಕಿಬೀಳುವುದಿಲ್ಲ. ಈ ಸಲ ಕಪ್ಪು ತಂದೇ ತರುತ್ತಾಳೆಂದು ನಾನು ನಂಬಿದ್ದೆ. ಅವಳ ತಂಡ ಉಳಿಯಲಿ, ಖೋ-ಖೋ ಹೋಗಲಿ. ಲೆಕ್ಕ ಸರಿಯಾಗಿತ್ತು.

ಖೋ-ಖೋ ಹುಡುಗಿಯರನ್ನು ಅಂಕಣದಲ್ಲೇ ಕೂರಿಸಿ ಹೇಳಿದೆ. ಬೈಯುತ್ತಾರೆ, ಅಳುತ್ತಾರೆ ಎಂದು ತಯಾರಾಗಿದ್ದೆ. ಅವರ ಕ್ಯಾಪ್ಟನ್, ಕಂಪ್ಲಿಯ ಎಣ್ಣೆಗಪ್ಪು ಹುಡುಗಿ, ತಲೆ ಎತ್ತದೆ ಕೇಳಿದಳು: “ಕಂಬ ಕಿತ್ತಿಡೋಣೇನ್ರಿ ಮೇಡಂ?”

“ಈಗ ಬ್ಯಾಡವ್ವ. ಇರ್ಲಿ.”

“ಹಂಗಾದ್ರ ನಾವು ನಾಕರ ಬಸ್ಸಿಗೆ ಹೋಗ್ತೀವ್ರಿ.”

ಎದ್ದು ಮಣ್ಣು ಝಾಡಿಸಿಕೊಂಡು ಹೋದರು. ಆ ಸಂಜೆ ಮೈದಾನದ ಆ ಮೂಲೆಯಲ್ಲಿ ಕಂಬಗಳೆರಡೇ ನಿಂತಿದ್ದವು. ನಾನು ಆ ಕಡೆ ನೋಡದೆ ಕಬಡ್ಡಿಯವರಿಗೆ ಸೀಟಿ ಊದಿದೆ.

ಮರುದಿನದಿಂದ ನನ್ನ ರೇಡರ್ ಮಾಯ! ಎದುರಾಳಿಗಳನ್ನು ಹಿಡಿದು ಕೆಡವುವ ಅವಳ ಜೊತೆಗಾರ್ತಿಯರಿಬ್ಬರೂ ಇಲ್ಲ. ಒಂದು ದಿನ ಕಾದೆ, ಎರಡನೆಯ ದಿನವೂ ಇಲ್ಲ. ಓಹೋ, ಗೆಳತಿಯರ ತಂಡ ತೆಗೆದರೆಂದು ಮುಷ್ಕರ ಹೂಡಿದ್ದಾರೆ ಎಂದುಕೊಂಡು, ತರಗತಿ ಬಿಡುವ ಹೊತ್ತಿಗೆ ಬಾಗಿಲಲ್ಲೇ ಹಿಡಿದೆ.

“ಏನವ್ವ, ನನ್ನ ಮ್ಯಾಲ ಸಿಟ್ಟೇನು? ವಲಯದ ಮ್ಯಾಚ್ ಹತ್ರ ಬಂದೈತಿ!”

“ಸಿಟ್ಟಲ್ರಿ ಮೇಡಂ. ಬಸ್ಸು.”

“ಬಸ್ಸಿಗೇನಾತು? ಆರು ಗಂಟೆ ಬಸ್ಸು ಬರ್ತೈತಲ್ಲ, ದಿನಾ ಅದರಾಗ ಹೋಗ್ತಿದ್ದಿ.”

ಅವಳು ಚೀಲದ ಪಟ್ಟಿ ತಿರುವಿದಳು. “ಅವ್ವ ಬ್ಯಾಡ ಅಂತಾಳ್ರಿ,” ಎಂದಷ್ಟೇ ಹೇಳಿದಳು.

“ಇವತ್ತೊಂದಿನ ಆಡು. ನಾನ ನಿಮ್ಮನಿ ತನಕ ಬಂದು ಬಿಟ್ಟು, ಅವ್ವನ ಕೂಡ ಮಾತಾಡಿ ಬರ್ತೀನಿ.”

ಆಡಿದಳು. ಆದರೆ ಪ್ರತಿ ರೇಡಿನ ನಡುವೆಯೂ ಗೇಟಿನ ಕಡೆ ನೋಡುತ್ತಿದ್ದಳು. ಆ ದಿನ ನಮ್ಮ ಅರೆಬರೆ ಹುಡುಗಿಯರೂ ಅವಳನ್ನು ಹಿಡಿದರು.

ಬಸ್ಸು ಬಂತು. ಕಂಡಕ್ಟರು ಫುಟ್‌ಬೋರ್ಡಿನಿಂದ ಬಗ್ಗಿ ನೋಡಿ, “ಎಲ್ಲೈತ್ರಿ ಖೋ-ಖೋ? ಇವತ್ತ ಒಬ್ಬಾಕಿ ಅದಾಳ?” ಅಂದ. ಆಮೇಲೆ ನನ್ನನ್ನು ನೋಡಿ, “ಓ, ಟೀಚರ್ ಬಂದಾರ! ಟಿಕೆಟ್ ತಗೀರಿ ಟೀಚರ್, ನಿಮಗ ಪಾಸಿಲ್ಲ, ಹೆಣ್ಮಕ್ಕಳ ಫ್ರೀ ಟಿಕೆಟ್ ಕೊಡ್ತೀನಿ, ಆಧಾರ್ ತೋರಸ್ರಿ,” ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದ.

ಬಸ್ಸಿನ ತುಂಬ ಜನ. ಮಾರ್ಕೆಟ್ಟಿನ ಖಾಲಿ ಬುಟ್ಟಿಗಳು, ಕೆಲಸ ಬಿಟ್ಟು ಬರುತ್ತಿದ್ದ ಗಂಡಸರು. ನಾವು ಬಾಗಿಲ ಹತ್ತಿರ ಒತ್ತಿಕೊಂಡು ನಿಂತೆವು. ಏಳು ಜನರ ನಡುವೆ ಹೊಕ್ಕು ಬರುವ ಹುಡುಗಿ ಅಲ್ಲಿ ಚೀಲವನ್ನು ಎದೆಗವಚಿಕೊಂಡು, ಕಮಲಾಪುರ ದಾಟಿದರೂ ತಲೆ ಎತ್ತಲಿಲ್ಲ. ಹೊರಗೆ ಹಂಪಿ ಕಡೆಯ ಬಂಡೆಗಳ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ಬುಕ್ಕಸಾಗರ ಬಂತು, ಹೋಯಿತು. ನಾನೇ ಪಕ್ಕದಲ್ಲಿದ್ದರೂ ಅವಳ ಕೈ ಕಂಬಿಯನ್ನು ಬಿಡಲಿಲ್ಲ. ವಿಷಯ ಒಂದೊಂದಾಗಿ ನನ್ನ ತಲೆಗೆ ಹೋಗತೊಡಗಿತು.

ರಾಮಸಾಗರ ದಾಟಿ ಒಂದು ಸ್ಟಾಪಿನಲ್ಲಿ ಇಳಿದೆವು. ಅವಳ ತಾಯಿ ಅಲ್ಲೇ, ರಸ್ತೆ ಬದಿಯಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ಭತ್ತದ ಗದ್ದೆಯ ಕೆಲಸದಿಂದ ನೇರ ಬಂದಿದ್ದರು, ಕಾಲಿನ ಕೆಸರು ಇನ್ನೂ ಹಸಿ. ಮಗಳನ್ನು ನೋಡಿ ಬೈಗುಳ ಶುರುವಿಟ್ಟವರು, ಹಿಂದೆ ನನ್ನನ್ನು ಕಂಡು ನಾಲಿಗೆ ಕಚ್ಚಿಕೊಂಡರು.

“ಅಯ್ಯ, ಮೇಡಂನೋರು! ಬರ್ರಿ, ಬರ್ರಿ. ಮನಿಗೆ ಬಂದು ಕುಂತು ಹೋಗ್ರಿ.”

ಸ್ಟಾಪಿನಿಂದ ಮನೆಗೆ ಬಾಳೆ ತೋಟದ ನಡುವೆ ಕಾಲುದಾರಿ. ಎರಡೂ ಕಡೆ ಎಲೆಗಳು ಎತ್ತರಕ್ಕೆ ಬೆಳೆದು ಮುಂದಿನ ತಿರುವು ಕಾಣುವುದಿಲ್ಲ. ಒಗ್ಗರಣೆ ಮಂಡಾಳು, ಅಂದರೆ ಮಂಡಕ್ಕಿ, ಜೊತೆಗೆ ಮಿರ್ಚಿ ಬಜ್ಜಿ ಮುಂದಿಟ್ಟು, ನಾನು ಬಾಯಿಗೆ ಹಾಕಿಕೊಂಡ ಮೇಲೆಯೇ ಆ ತಾಯಿ ಮಾತು ತೆಗೆದರು.

“ಮೇಡಂ, ನಾನು ನನ್ನ ಮಗಳನ್ನ ಒಬ್ಬಾಕೀನ್ನ ಆಟಕ್ಕ ಕಳಿಸಿದ್ದಿಲ್ರಿ. ಹುಡುಗ್ಯಾರ ಗುಂಪಿನ ಕೂಡ ಕಳಿಸಿದ್ದೆ. ಕಂಪ್ಲಿ ಹುಡುಗ್ಯಾರಾಗ ಇಬ್ಬರು ನಮ್ಮ ಸ್ಟಾಪಿಗೇ ಇಳದು, ಈ ತ್ವಾಟ ದಾಟಿಸಿ ಬಿಟ್ಟು, ಹಿಂದ ಬರೋ ಬಸ್ಸಿಗೆ ಹೋಗ್ತಿದ್ರು. ಈಗ ಅವರು ನಾಕಕ್ಕ ಹೋಗ್ತಾರಂತ. ಈಕಿ ಆರಕ್ಕ ಒಬ್ಬಾಕಿ ಬಂದ್ರ ನಾನು ಗದ್ದ್ಯಾಗ ಕೆಲಸ ಹೆಂಗ ಮಾಡ್ಲಿ? ನನ್ನ ಜೀವ ಎಲ್ಲಾ ರಸ್ತ್ಯಾಗ ಇರ್ತೈತಿ.”

ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಯಲ್ಲಿಟ್ಟೆ.

“ಆಟ ಬ್ಯಾಡ ಅಂತೀರೇನವ್ವ ಹಂಗಾರ?”

“ಯಾಕ ಬ್ಯಾಡ ಅನ್ನಲಿ? ಟಿವ್ಯಾಗ ಬರ್ಲಿ ನಮ್ಮಾಕಿ! ಗುಂಪು ಕೊಡ್ರಿ, ಕಳಿಸ್ತೀನಿ.”

ವಾಪಸು ಬರುವಾಗ ಬಸ್ಸಿನಲ್ಲಿ ಕುಳಿತು ನನಗೆ ನಗುವೂ ಬಂತು, ನನ್ನ ಮೇಲೆ ಕೋಪವೂ ಬಂತು. ನಾನು ಆರು ತಂಡಗಳೆಂದು ಬಿಡಿಬಿಡಿಯಾಗಿ ಅಂಕ ಕೊಟ್ಟಿದ್ದೆನಲ್ಲ, ಕಂಪ್ಲಿ ರಸ್ತೆಯ ಮೇಲೆ ಇದ್ದದ್ದು ಒಂದೇ ತಂಡ. ಮೈದಾನದಲ್ಲಿ ಒಂದಿಷ್ಟು ಜನ ಖೋ ಅನ್ನುತ್ತಿದ್ದರು, ಮೂರು ಜನ ಕಬಡ್ಡಿ ಅನ್ನುತ್ತಿದ್ದರು. ಖೋ-ಖೋ ತೆಗೆದ ದಿನವೇ ನಾನು ಕಬಡ್ಡಿಯನ್ನೂ ತೆಗೆದಾಗಿತ್ತು. ಆದರೆ ನಾಲ್ಕು ಎಂದರೆ ನಾಲ್ಕೇ. ಖೋ-ಖೋ ಉಳಿಯಬೇಕೆಂದರೆ ಇನ್ನೊಂದು ಹೋಗಬೇಕು. ಹುಡುಗರ ಕಬಡ್ಡಿಗೆ ಒಂದು ಚಡ್ಡಿ, ಒಂದು ಬನಿಯನ್ ಸಾಕು. ಅಥ್ಲೆಟಿಕ್ಸಿನವರು ಎಷ್ಟೋ ಸಲ ಬರಿಗಾಲಲ್ಲೇ ಓಡುತ್ತಾರೆ. ಚೆಂಡು, ಪ್ಯಾಡು, ಮ್ಯಾಟು, ದಿನಗಟ್ಟಲೆ ಪರವೂರಿನಲ್ಲಿ ವಸತಿ, ಎಲ್ಲದರಲ್ಲೂ ಸಿಂಹಪಾಲು ಕ್ರಿಕೆಟ್ಟಿನದು.

ಕ್ರಿಕೆಟ್! ಯೋಚನೆ ಬಂದಾಗ ನಾನೇ ಬಸ್ಸಿನಲ್ಲಿ ಆಚೆ ಈಚೆ ನೋಡಿಕೊಂಡೆ, ಯಾರಿಗಾದರೂ ಕೇಳಿಸಿತೋ ಎಂಬಂತೆ.

ಬೆಳಗ್ಗೆ ಪ್ರಿನ್ಸಿಪಾಲರ ಮುಂದೆ ನಿಂತೆ. ಅವರು ಕನ್ನಡಕ ತೆಗೆದರು. “ಮೊನ್ನೆ ಖೋ-ಖೋ ಅಂದ್ರಿ, ಇವತ್ತ ಕ್ರಿಕೆಟ್ ಅಂತೀರಿ. ನಾಳೆ ನನ್ನ ಕುರ್ಚಿ ಅಂತೀರೇನು?”

ಬಸ್ಸಿನ ಕಥೆ, ಬಾಳೆ ತೋಟ, ಆ ತಾಯಿಯ ಮಾತು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು, ಅದು ಅವರ ದೊಡ್ಡ ಗುಣ. ಆದರೆ ಕಾಲೇಜು ಶುರುವಾದಾಗಿನಿಂದ ಇದ್ದ ತಂಡ ಕ್ರಿಕೆಟ್ ಒಂದೇ. ಆಡಳಿತ ಮಂಡಳಿಯವರು ಪ್ರತಿ ವರ್ಷ ಬಂದು ಬ್ಯಾಟು ಬೀಸಿ ಫೋಟೋ ತೆಗೆಸಿಕೊಳ್ಳುವುದೂ ಅಲ್ಲೇ.

“ಮಂಡಳಿಯವರಿಗೆ ನಾನು ಹೇಳ್ತೀನಿ,” ಅಂದರು ಕೊನೆಗೆ. “ಹುಡುಗರಿಗೆ ನೀವು ಹೇಳ್ರಿ. ಗಲಾಟಿ ಆಗಬಾರದು. ಕ್ಯಾಪ್ಟನ್ ಒಪ್ಪಿದ್ರ ಸಹಿ ಮಾಡ್ತೀನಿ, ಇಲ್ಲಂದ್ರ ಇಲ್ಲ.”

ಕ್ರಿಕೆಟ್ ಕ್ಯಾಪ್ಟನ್ ಸಂಡೂರು ತಾಲೂಕಿನ ಚೋರನೂರಿನ ಹುಡುಗ, ವೇಗದ ಬೌಲರ್. ಸುತ್ತಮುತ್ತ ಟೆನಿಸ್ ಬಾಲ್ ಟೂರ್ನಿಗಳಿಗೇನು ಬರವಿಲ್ಲ, ಆದರೆ ಅವನ ಕಣ್ಣಿದ್ದದ್ದು ವಿಶ್ವವಿದ್ಯಾಲಯ ತಂಡದ ಮೇಲೆ. ಹೇಳುವ ಮುಂಚೆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ಫೋನು ಹಚ್ಚಿ ಒಂದು ವಿಷಯ ಖಚಿತ ಮಾಡಿಕೊಂಡೆ: ತಂಡ ಕಳಿಸದ ಕಾಲೇಜಿನ ಆಟಗಾರನೂ ಪ್ರಿನ್ಸಿಪಾಲರ ಪತ್ರ ತಂದರೆ ಆಯ್ಕೆಯ ಟ್ರಯಲ್ಸಿಗೆ ಬರಬಹುದು. ಆಮೇಲೆ ನೆಟ್ಸಿನ ಹತ್ತಿರ ಹೋಗಿ, ಸುತ್ತಿ ಬಳಸದೆ ಹೇಳಿದೆ.

ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದವನು ನಿಲ್ಲಿಸಿದ.

“ನಾವು ಯಾರ ಜೋಡಿ ಮನಿಗೆ ಹೋಗ್ತೀವಿ ಅಂತ ಯಾರೂ ಕೇಳಂಗಿಲ್ಲ ಮೇಡಂ. ಅದಕ್ಕ ನಮ್ಮನ್ನ ತಗೀತೀರಿ, ಅಲ್ಲ?”

“ಹೌದಪ್ಪ,” ಎಂದೆ. “ನಿಮಗ ಅನ್ಯಾಯ ಆಗಾಕತ್ತೈತಿ. ಇಲ್ಲ ಅನ್ನಂಗಿಲ್ಲ. ಆದ್ರ ಅವರದು ನಿಂತ್ರ ಎರಡು ಟೀಮು ಮುಳುಗ್ತಾವು.”

“ಮೊದಲ ಸುತ್ತಿಗೇ ಸೋತು ಬರೋ ಟೀಮಿಗೆ ಇಷ್ಟೆಲ್ಲ! ನಮ್ಮ ಹುಡುಗರು ಖೋ-ಖೋ ಆಡಿದ್ರೂ ಅವರನ್ನ ಸೋಲಿಸ್ತಾರ.”

ಖೋ-ಖೋ ಕ್ಯಾಪ್ಟನ್ ಅಲ್ಲೇ ನಲ್ಲಿಯ ಹತ್ತಿರ ಬಾಟಲಿ ತುಂಬಿಕೊಳ್ಳುತ್ತಿದ್ದಳು. ತಂಡ ತೆಗೆದ ದಿನ ಎದುರು ಮಾತಾಡದವಳು ನಲ್ಲಿ ಬಂದ್ ಮಾಡಿ ತಿರುಗಿದಳು.

“ಬರ್ರಿ ಅಣ್ಣ, ಆಡೋಣ.”

“ಏಯ್, ತಂಡದ ನಿರ್ಧಾರ ಪಂದ್ಯ ಕಟ್ಟಿ ಮಾಡೋದಲ್ಲ,” ಎಂದು ನಾನು ಅಡ್ಡ ಬಂದೆ.

“ನಿರ್ಧಾರ ನೀವ ಮಾಡ್ರಿ ಮೇಡಂ. ನಾವು ಸುಮ್ಮನ ಆಡ್ತೀವಿ.” ಅವಳ ಕಣ್ಣು ಸುಮ್ಮನೆ ಆಡುವ ಕಣ್ಣಾಗಿರಲಿಲ್ಲ.

ಆ ಸಂಜೆ ಮೈದಾನದ ಸುತ್ತ ಕಾಲೇಜಿಗೆ ಕಾಲೇಜೇ ನಿಂತಿತು. ಗುಮಾಸ್ತರು ಕಿಟಕಿಯಲ್ಲಿ, ಪ್ರಿನ್ಸಿಪಾಲರು ಮತ್ತೆ ಛತ್ರಿಯೊಂದಿಗೆ. ನಾನು ಸೀಟಿ ಬಾಯಲ್ಲಿಟ್ಟುಕೊಂಡೆ.

ಹುಡುಗರು ಬೆನ್ನಟ್ಟುವವರು, ಹುಡುಗಿಯರು ಓಡುವವರು. ಬೆನ್ನಟ್ಟುವ ತಂಡದ ಎಂಟು ಜನ ಸಾಲಾಗಿ ಕೂರುತ್ತಾರೆ, ಒಬ್ಬ ಆ ಕಡೆ ಮುಖ, ಒಬ್ಬ ಈ ಕಡೆ. ಒಂಬತ್ತನೆಯವನು ಓಡುತ್ತಾನೆ. ಹೊರಟ ಮೇಲೆ ಹಿಂದೆ ತಿರುಗುವಂತಿಲ್ಲ, ಕುಳಿತವರ ನಡುವೆ ನುಸುಳುವಂತಿಲ್ಲ. ಬೇಕಾದರೆ ಕುಳಿತವನ ಬೆನ್ನು ಮುಟ್ಟಿ “ಖೋ” ಅಂದು ಅವನನ್ನು ಎಬ್ಬಿಸಬೇಕು. ಓಡುವವರಿಗೆ ಈ ಯಾವ ಕಟ್ಟೂ ಇಲ್ಲ. ಹೇಳುವುದಕ್ಕೆ ಇಷ್ಟೇ. ಮೊದಲ ಹುಡುಗ ಗಾಳಿಯಂತೆ ಹೋದ. ಹುಡುಗಿ ಪಕ್ಕಕ್ಕೆ ಸರಿದು ಸಾಲಿನ ಆಚೆಗೆ ನುಸುಳಿದಳು. ಅವನು ಅಲ್ಲೇ ಗರಕ್ಕನೆ ಹಿಂದಕ್ಕೆ ತಿರುಗಿದ. ಪೀಪ್! ಫೌಲ್. ಎರಡನೆಯವನು ಸಾಲಿನ ನಡುವೆ ನುಗ್ಗಿದ. ಪೀಪ್! ಮೂರನೆಯವನು ಖೋ ಕೊಡುವುದನ್ನೇ ಮರೆತು ಕಂಬ ದಾಟಿ ವಾಲಿಬಾಲ್ ಕೋರ್ಟಿಗೇ ಹೋದ.

“ಲೇ, ಬೌಂಡರಿ ಆತಲೇ!” ಎಂದು ಯಾರೋ ಕೂಗಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಣ್ಣ, ಇದು ರನ್‌ಅಪ್ ಅಲ್ರಿ!” ಎಂದು ಓಡುತ್ತಲೇ ಹಂಗಿಸಿದಳು ಒಬ್ಬಳು.

ಆಮೇಲೆ ಹುಡುಗಿಯರು ಬೆನ್ನಟ್ಟಲು ಕುಳಿತರು. ಖೋ, ಖೋ, ಖೋ! ಒಂದು ದನಿ ಮುಗಿಯುವ ಮುಂಚೆ ಇನ್ನೊಂದು. ಕೆಂಪು ಧೂಳು ಮೊಣಕಾಲೆತ್ತರ ಎದ್ದಿತು. ಹುಡುಗರು ಒಬ್ಬೊಬ್ಬರಾಗಿ ಸೊಂಟಕ್ಕೆ ಕೈಯಿಟ್ಟುಕೊಂಡು ಹೊರಬಂದರು. ಕೊನೆಗೆ ಉಳಿದವನು ಚೋರನೂರಿನವನೇ. ಅವನು ಹಠವಾದಿ, ಕಂಬದ ಸುತ್ತ ತಿರುಗುತ್ತಲೇ ಉಳಿದ. ಖೋ-ಖೋ ಕ್ಯಾಪ್ಟನ್ ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಮೈಯನ್ನು ಪೂರ್ತಿ ಗಾಳಿಗೆ ಬಿಟ್ಟು, ನೆಲಕ್ಕೆ ಸಮವಾಗಿ ತಿರುಗಿ ಹಾರಿದಳು. ಬೆರಳ ತುದಿ ಅವನ ಹಿಮ್ಮಡಿಗೆ ತಾಗಿತು. ಇಬ್ಬರೂ ಧೂಳಲ್ಲಿ ಬಿದ್ದರು. ನಾನು ಸೀಟಿ ಊದುವುದು ಬಿಟ್ಟು ಕೂಗುತ್ತಿದ್ದೆ. ಅಂಪೈರು ಕೂಗಬಾರದು. ಕೂಗಿಬಿಟ್ಟೆ.

ಆದರೆ ಅವನು ಒಪ್ಪಿದ್ದು ಅದಕ್ಕಲ್ಲ. ನಗು ಇನ್ನೂ ಮುಗಿದಿರಲಿಲ್ಲ, ಗೇಟಿನ ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಹುಡುಗಿಯರು ಚೀಲ, ಚಪ್ಪಲಿ ಸಿಕ್ಕಿದ್ದನ್ನು ಸಿಕ್ಕಿದ ಕೈಯಲ್ಲಿ ಹಿಡಿದು, ಒಂದೇ ಗುಂಪಾಗಿ ಓಡಿದರು. ನಮ್ಮ ರೇಡರ್ ನಡುವೆ. ಒಬ್ಬಳು ಬಿಟ್ಟ ಬಾಟಲಿಯನ್ನು ಇನ್ನೊಬ್ಬಳು ಎತ್ತಿಕೊಂಡಳು. ಕಂಡಕ್ಟರು ಫುಟ್‌ಬೋರ್ಡಿನಲ್ಲಿ ನಿಂತು, “ಜಲ್ದಿ ಬರ್ರವ್ವ, ಖೋ-ಖೋ ಎಲ್ಲಾರೂ ಬಂದ್ರೇನು?” ಎಂದು ತಲೆ ಎಣಿಸಿ, ಆಮೇಲೆ ಸೀಟಿ ಹೊಡೆದ.

ಕ್ರಿಕೆಟ್ ಕ್ಯಾಪ್ಟನ್ ಮಂಡಿಯ ಮಣ್ಣು ಒರೆಸಿಕೊಳ್ಳುತ್ತಾ ಅದನ್ನೇ ನೋಡುತ್ತಿದ್ದ.

“ದಿನಾ ಹಿಂಗ ಓಡ್ತಾರೇನ್ರಿ ಮೇಡಂ?”

“ದಿನಾ.”

“ಮುಂದಿನ ವರ್ಷ ನನ್ನ ತಂಗಿ ಇಲ್ಲಿಗೇ ಬರ್ತಾಳ್ರಿ. ಆಕಿನೂ ಭಾಳ ಓಡ್ತಾಳ,” ಎಂದ. ಬದಿಗಿಟ್ಟಿದ್ದ ತನ್ನ ಚೆಂಡು ಎತ್ತಿಕೊಂಡ. “ಪ್ರಿನ್ಸಿಪಾಲರಿಗೆ ನಾನ ಹೇಳ್ತೀನಿ. ಟ್ರಯಲ್ಸಿಗೆ ಮಾತ್ರ ನೀವು ಜೋಡಿ ಬರಬೇಕು.”

ಹೋದೆ. ಚೆನ್ನಾಗಿಯೇ ಬೌಲಿಂಗ್ ಮಾಡಿದ, ಒಂದು ಸ್ಟಂಪನ್ನು ಕಿತ್ತೆಸೆದ. ಆದರೂ ಅವನ ಹೆಸರು ಬಂದದ್ದು ರಿಸರ್ವ್ ಆಟಗಾರರ ಸಾಲಿನಲ್ಲಿ. ತಂಡದ ಜೊತೆ ನಾಲ್ಕು ಮ್ಯಾಚು ಆಡಿ ಹೋಗಿದ್ದರೆ ಬೇರೆಯಾಗುತ್ತಿತ್ತೇನೋ. ವಾಪಸು ಬರುವಾಗ, “ಮುಂದಿನ ವರ್ಷ ಟೀಮು ಬರ್ತೈತಲ್ರಿ?” ಎಂದು ಕೇಳಿದ. “ಬಡಿದಾಡ್ತೀನಪ್ಪ,” ಎಂದೆ. ಈಗಲೂ ಬಡಿದಾಡುತ್ತಿದ್ದೇನೆ.

ಹುಡುಗಿಯರ ಪಂದ್ಯಗಳು ಸಂಡೂರಿನಲ್ಲಿ ನಡೆದವು. ಖೋ-ಖೋ ತಂಡ ಈ ಸಲ ಮೊದಲ ಸುತ್ತು ಗೆದ್ದಿತು, ಕುಣಿದಾಡಿತು, ಎರಡನೆಯದರಲ್ಲಿ ಸೋತಿತು. ಸೋತವರು ಹೋಗಿ ಕಬಡ್ಡಿ ಫೈನಲ್ ನಡೆಯುತ್ತಿದ್ದ ಅಂಕಣದ ಅಂಚಿನಲ್ಲಿ, ರೂಢಿಯ ಬಲದಿಂದ, ಸಾಲಾಗಿ ಮಂಡಿಯೂರಿ ಕುಳಿತರು. ಅಂಕ ಸಮ. ಕೊನೆಯ ರೇಡು. ನಮ್ಮ ಹುಡುಗಿ ಮಧ್ಯಗೆರೆಯ ಹತ್ತಿರ ನೆಲ ಮುಟ್ಟಿ ಬಗ್ಗಿದಳು. ಆಗ ಹಿಂದಿನಿಂದ ಆ ಸಾಲು ಒಟ್ಟಿಗೆ ಕೂಗಿತು: “ಖೋ!”

ನುಗ್ಗಿದಳು. ಎದುರಾಳಿ ತಂಡದ ಮೂಲೆಯವಳು ಹಾರಿ ಕಾಲು ಹಿಡಿದಳು, ಇವಳು ಅವಳ ಹೆಗಲು ಮುಟ್ಟಿ, ಎಳೆದಾಡುತ್ತಾ, ಮೈಯುದ್ದ ಚಾಚಿ, ಬೆರಳಲ್ಲಿ ಗೆರೆ ಹಿಡಿದಳು. ರೆಫರಿಯ ಕೈ ನಮ್ಮ ಕಡೆ ಎದ್ದಿತು. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ನನ್ನ ಮೇಲೆ ಇಡೀ ಎರಡು ತಂಡ ಬಿದ್ದಿತ್ತು.

ಹೊಸಪೇಟೆಗೆ ಬಂದು ಆರರ ಕಂಪ್ಲಿ ಬಸ್ಸೇ ಹಿಡಿದೆವು. ಕಂಡಕ್ಟರು ಕಪ್ಪಿಗೂ ಟಿಕೆಟ್ ತೆಗೆಸಬೇಕೆಂದು ಜಗಳ ತೆಗೆದ. ರಾಮಸಾಗರ ದಾಟಿ ಬಸ್ಸು ನಿಂತಾಗ ಆ ತಾಯಿ ಅಲ್ಲೇ ಇದ್ದರು. ನಾನು ಬಾಗಿಲಲ್ಲಿ ಕಪ್ಪು ಎತ್ತಿ ಹಿಡಿದೆ. ಅವರು ಅದನ್ನು ನೋಡಲೇ ಇಲ್ಲ. ನನ್ನ ತೋಳಿನ ಸಂದಿಯಿಂದ ಕತ್ತು ಚಾಚಿ ಬಸ್ಸಿನೊಳಗೆ ಇಣುಕಿ, ಬೆರಳು ಮಡಚುತ್ತಾ ಒಂದೊಂದೇ ಮುಖ ನೋಡಿದರು.

“ಹೋದಷ್ಟು ಮಂದಿ ಬಂದ್ರೇನ್ರಿ ಮೇಡಂ?”

“ಬಂದೀವವ್ವ, ಎಲ್ಲಾರೂ ಬಂದೀವಿ.”

ಮಗಳನ್ನು ಕೈಹಿಡಿದು ಇಳಿಸಿಕೊಂಡರು. ಜೊತೆಗೆ ಕಂಪ್ಲಿಯ ಇಬ್ಬರೂ ಧುಮುಕಿದರು.

“ಹಾಂ,” ಎಂದು ನಿರಾಳವಾಗಿ ಸೆರಗು ಕೊಡವಿ ನಿಂತರು. “ಈಗ ಹೇಳ್ರಿ. ಗೆದ್ರೋ, ಸೋತ್ರೋ?”